ಮಡಚುವ ಕ್ಯಾಮೆರಾದ ಮೋಹ

ಫಿಲ್ಮಿನ ಕಾಲ ಮುಗಿಯಿತು ಎಂದು ಬಹುತೇಕ ಎಲ್ಲರೂ ಒಪ್ಪಿಕೊಂಡಿದ್ದ ಹೊತ್ತಿನಲ್ಲಿ ಜಪಾನಿನ ಫ್ಯೂಜಿ ಕಂಪನಿ ಒಂದು ಹೊಸ ಫಿಲ್ಮ್ ಕ್ಯಾಮೆರಾ ತಂದಿತು. 2008ರಲ್ಲಿ ಅಮೆರಿಕ ಮತ್ತು ಜರ್ಮನಿಯ ಕ್ಯಾಮೆರಾ ಮೇಳಗಳಲ್ಲಿ ಅದರ ಮಾದರಿಯನ್ನು ತೋರಿಸಿದರು. 2009ರಲ್ಲಿ ಅದು ಅಂಗಡಿಗೆ ಬಂತು. ಅದೇ 2008ರಲ್ಲಿ ಪೋಲರಾಯ್ಡ್ ಕಂಪನಿ ತನ್ನ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಹೇಳಿತ್ತು. 2009ರಲ್ಲಿ ಕೊಡಾಕ್ ತನ್ನ ಹೆಸರಾಂತ ಕೊಡಾಕ್ರೋಮ್ ಫಿಲ್ಮಿಗೆ ಮಂಗಳ ಹಾಡಿತು. ಸಾವಿನ ಮನೆಯಲ್ಲಿ ತೊಟ್ಟಿಲು ಕಟ್ಟಿದ ಹಾಗಿತ್ತು ಫ್ಯೂಜಿಯ ಕೆಲಸ.

ಹೊಸ ಕ್ಯಾಮೆರಾ ಅಂದರೂ ಅದರ ರೂಪ ನೂರು ವರ್ಷಕ್ಕಿಂತ ಹಳೆಯದು. ಮುಚ್ಚಿದಾಗ ಒಂದು ದಪ್ಪ ಪುಸ್ತಕ. ಗುಂಡಿ ಒತ್ತಿ ಮುಂಬಾಗಿಲನ್ನು ಎಳೆದರೆ ಲೆನ್ಸು ಹೊರಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಕಪ್ಪು ಚೀಲ. ಇದಕ್ಕೆ ಬೆಲೋಸ್ ಎನ್ನುತ್ತಾರೆ. ಜಪಾನಿನಲ್ಲಿ ಇದರ ಹೆಸರು ಫ್ಯೂಜಿ ಜಿಎಫ್ 670. ಕೊಸಿನಾ ಎಂಬ ಇನ್ನೊಂದು ಜಪಾನಿ ಕಂಪನಿಯ ಸಹಭಾಗಿತ್ವದಲ್ಲಿ ತಯಾರಾದ ಇದೇ ಯಂತ್ರ ಫೋಗ್ಟ್‌ಲೆಂಡರ್ ಬೆಸ್ಸಾ III ಎಂಬ ಜರ್ಮನ್ ಹೆಸರಿನಲ್ಲಿಯೂ ಮಾರಾಟವಾಯಿತು. ಬೆಲೆ ಎರಡು ಸಾವಿರ ಡಾಲರಿಗೂ ಮೇಲೆ. ಆದರೂ ಕೊಂಡರು. ಕೊಳ್ಳಲಾಗದವರು ಅದರ ಚಿತ್ರಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. ಈ ಮೋಹ ಯಾವುದರದು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇವೆ. ಹಳೆಯ ವಸ್ತುಗಳ ಮೇಲಿನ ವ್ಯಾಮೋಹ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮಗೆ ಆ ಉತ್ತರ ಸಾಲದು.

ಮೊದಲು ಫಿಲ್ಮಿನ ಅಳತೆಯ ಮಾತು. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ ಇದ್ದ ಕಾಲವನ್ನು ನಡುವಯಸ್ಸು ದಾಟಿದವರು ಬಲ್ಲರು. ಸ್ವಲ್ಪ ಅನುಕೂಲವಿದ್ದ ಮನೆಗಳಲ್ಲಿ ಭಾರತದಲ್ಲೇ ತಯಾರಾದ ಆಗ್ಫಾ ಕ್ಲಿಕ್ III ಇರುತ್ತಿತ್ತು. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಅಷ್ಟೇ ಅದರ ವಿದ್ಯೆ. ಇವೆಲ್ಲ 120 ಎಂಬ ನಂಬರಿನ ಅಗಲವಾದ ರೀಲು ತಿನ್ನುವ ಯಂತ್ರಗಳು. ಈ ರೀಲನ್ನು ಕೊಡಾಕ್ 1901ರಲ್ಲಿ ತಂದಿತು. ಇವತ್ತಿಗೂ ಅದೇ ಅಳತೆಯಲ್ಲಿ ಸಿಗುತ್ತದೆ. ಹಳೆಯ ಟ್ರಂಕುಗಳಲ್ಲಿ ಈಗಲೂ ಕಾಣುವ ಚೌಕಾಕಾರದ ಕಪ್ಪು ಬಿಳುಪು ಫೋಟೊಗಳು ಹೆಚ್ಚಾಗಿ ಅದರ ಕೂಸುಗಳು. ಆಮೇಲೆ ಬಂದ 35 ಮಿಲಿಮೀಟರ್ ಸಣ್ಣ ರೀಲಿನ ಒಂದು ನೆಗೆಟಿವ್ 24ಕ್ಕೆ 36 ಮಿಲಿಮೀಟರ್. 120ರ ಚೌಕ ನೆಗೆಟಿವ್ 56ಕ್ಕೆ 56. ಅದಕ್ಕಿಂತ ತುಸು ಉದ್ದದ, ಆರಕ್ಕೆ ಏಳು ಎಂದು ಕರೆಯುವ ನೆಗೆಟಿವ್ ಸಣ್ಣ ರೀಲಿನದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ದೊಡ್ಡದು. ನೆಗೆಟಿವ್ ದೊಡ್ಡದಾದಷ್ಟೂ ಹಿಗ್ಗಿಸುವ ಕೆಲಸ ಕಡಿಮೆ. ಮುಖದ ಮೇಲಿನ ನೆರಳು ಒಮ್ಮೆಗೇ ಕತ್ತರಿಸಿದಂತೆ ಮುಗಿಯದೆ ಮೆಲ್ಲಗೆ ಕರಗುತ್ತದೆ.

ದೊಡ್ಡ ನೆಗೆಟಿವ್ ಬೇಕೆಂದರೆ ಲೆನ್ಸು ಫಿಲ್ಮಿನಿಂದ ಅಷ್ಟೇ ದೂರ ನಿಲ್ಲಬೇಕು. ಹೀಗಾಗಿ ಕ್ಯಾಮೆರಾ ಪೆಟ್ಟಿಗೆಯಾಗುತ್ತದೆ. ಆದರೆ ಆ ಪೆಟ್ಟಿಗೆಯೊಳಗೆ ಇರುವುದು ಏನು? ಹೆಚ್ಚಾಗಿ ಬರಿಯ ಕತ್ತಲೆ. ಬರಿದಾದುದನ್ನು ಮಡಚಿಡಬಹುದು ಎಂಬ ಸರಳ ಬುದ್ಧಿಯೇ ಈ ಕ್ಯಾಮೆರಾದ ಹುಟ್ಟು. ಹತ್ತೊಂಬತ್ತನೇ ಶತಮಾನ ಮುಗಿಯುವ ಮುನ್ನವೇ ಕೊಡಾಕ್ ಜೇಬಿನಲ್ಲಿಡಬಹುದಾದ ಮಡಚುವ ಕ್ಯಾಮೆರಾ ಮಾರುತ್ತಿತ್ತು. ಜರ್ಮನಿಯ ಜೈಸ್ ಇಕಾನ್ 1929ರಲ್ಲಿ ಇಕಾಂಟಾವನ್ನೂ 1934ರಲ್ಲಿ ಸೂಪರ್ ಇಕಾಂಟಾವನ್ನೂ ತಂದಿತು. ಯುದ್ಧದ ನಂತರ ರಷ್ಯನ್ನರು ಅದನ್ನೇ ನೋಡಿ ಮಾಸ್ಕ್ವಾ ಮಾಡಿದರು. ಮ್ಯೂನಿಕ್ಕಿನ ಆಗ್ಫಾ ಕಾರ್ಖಾನೆಯ ಐಸೊಲೆಟ್ ಸಾಮಾನ್ಯರ ಕೈಗೂ ಎಟುಕಿತು. ಐವತ್ತರ ದಶಕದ ಕೊನೆಯ ಹೊತ್ತಿಗೆ ಸಣ್ಣ ರೀಲು ಗೆದ್ದಿತು, ಮಡಚುವ ಕ್ಯಾಮೆರಾಗಳು ಅಲಮಾರಿ ಸೇರಿದವು.

ಹಾಗಿದ್ದರೆ ಹಳೆಯದನ್ನೇ ಕಡಿಮೆ ಬೆಲೆಗೆ ಕೊಂಡು ತೆಗೆಯಬಾರದೇ? ತೆಗೆಯಬಹುದು, ತೆಗೆಯುವವರೂ ಇದ್ದಾರೆ. ಆದರೆ ಹಳೆಯ ಕ್ಯಾಮೆರಾಗಳನ್ನು ಹೊಗಳಿ ಬರೆಯುವವರು ಬಿಟ್ಟುಬಿಡುವ ಸಂಗತಿಗಳು ಕೆಲವಿವೆ. ಐಸೊಲೆಟ್‌ನ ಬೆಲೋಸ್‌ನಲ್ಲಿ, ಮಡಿಕೆಯ ಮೂಲೆ ಮೂಲೆಗೆ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ಒಳಗೆ ಬೆಳಕು ಸೋರಿ ಚಿತ್ರದ ಮೇಲೆ ಬಿಳಿ ಮಚ್ಚೆಗಳು ಮೂಡುತ್ತವೆ. ಅದರ ಫೋಕಸ್ ಉಂಗುರಕ್ಕೆ ಹಚ್ಚಿದ್ದ ಹಸಿರು ಗ್ರೀಸ್ ವರ್ಷಗಳು ಕಳೆದಂತೆ ಗೋಂದಿನ ಹಾಗೆ ಗಟ್ಟಿಯಾಗಿ, ಉಂಗುರ ಅಲ್ಲಾಡುವುದೇ ಇಲ್ಲ. ಲೆನ್ಸನ್ನು ಹಿಡಿದ ಸಪೂರ ಕಬ್ಬಿಣದ ತೋಳುಗಳು ಒಂದು ಕೂದಲೆಳೆಯಷ್ಟು ಬಾಗಿದ್ದರೂ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಅಗ್ಗದ ಮಾದರಿಗಳಲ್ಲಿ ದೂರವನ್ನು ಕಣ್ಣಂದಾಜಿನಲ್ಲಿ ಅಳೆದು ಉಂಗುರ ತಿರುಗಿಸಬೇಕು. ಮಡಚುವ ಕ್ಯಾಮೆರಾದ ದೌರ್ಬಲ್ಯ ಅದರ ಗುಣದಲ್ಲೇ ಇದೆ. ಮಡಚುವ ಪ್ರತಿ ಕೀಲೂ ಒಂದು ದಿನ ಸಡಿಲವಾಗುತ್ತದೆ. ಫ್ಯೂಜಿಯೇ 1983ರಲ್ಲಿ ತಂದ ಜಿಎಸ್ 645 ಎಂಬ ಮಡಚುವ ಕ್ಯಾಮೆರಾದ ಬೆಲೋಸ್ ಕೂಡ ಹೀಗೇ ತೂತು ಬಿದ್ದು ಹೆಸರು ಕೆಡಿಸಿಕೊಂಡಿತು.

ನಮ್ಮ ಪ್ರಕಾರ ಮೋಹದ ತಿರುಳು ಇಲ್ಲಿದೆ. ಜನ ಬಯಸಿದ್ದು ಹಳೆಯದನ್ನಲ್ಲ, ಹೊಸತನ್ನು. ಸರಿಯಾದ ಆಲೋಚನೆಯೊಂದು ಎಂಬತ್ತು ವರ್ಷ ಅರೆಬರೆ ಕೈಗಳಲ್ಲಿ ಇದ್ದು, ಕೊನೆಗೆ ಕೈಪಳಗಿದ ಕೆಲಸಗಾರನಿಗೆ ಸಿಕ್ಕಂತೆ ಜಿಎಫ್ 670. ಇದರಲ್ಲಿ 80 ಮಿಲಿಮೀಟರಿನ ಎಫ್ 3.5 ಲೆನ್ಸು ಇದೆ. ಕಿಂಡಿಯಲ್ಲಿ ನೋಡಿದರೆ ಎದುರಿನ ವ್ಯಕ್ತಿ ಎರಡೆರಡಾಗಿ ಕಾಣುತ್ತಾನೆ. ಉಂಗುರ ತಿರುಗಿಸಿದಂತೆ ಎರಡೂ ಬಂದು ಒಂದಾಗುತ್ತವೆ. ಒಂದಾದ ಜಾಗದಲ್ಲಿ ಫೋಕಸ್ ಸರಿ. ಕಣ್ಣಂದಾಜಿನ ಮಾತಿಲ್ಲ. ಬೆಳಕನ್ನು ಅಳೆಯುವ ಮೀಟರ್ ಒಳಗೇ ಇದೆ. ಚೌಕ ಬೇಕೋ, ಆರಕ್ಕೆ ಏಳು ಬೇಕೋ ಎಂಬುದನ್ನು ರೀಲು ಹಾಕುವ ಮುನ್ನ ಗೊತ್ತುಮಾಡಿಕೊಳ್ಳಬೇಕು. ಚೌಕವಾದರೆ 12 ಚಿತ್ರ, ಇನ್ನೊಂದಾದರೆ 10. ನಡುವೆ ಮನಸ್ಸು ಬದಲಾಯಿಸುವಂತಿಲ್ಲ. ಮಡಚಬೇಕಾದರೆ ಲೆನ್ಸನ್ನು ಮೊದಲು ಅನಂತ ದೂರಕ್ಕೆ ತಿರುಗಿಸಿಟ್ಟು ಆಮೇಲೆ ಮುಚ್ಚಬೇಕು. ಶಟರ್ ಬೀಳುವ ಸದ್ದು ಪಕ್ಕದಲ್ಲಿ ನಿಂತವನಿಗೂ ಕೇಳುವುದು ಕಷ್ಟ.

ಕುಂದುಗಳೂ ಉಂಟು. ಒಂಬತ್ತು ಹತ್ತು ಅಂಗುಲದಿಂದ ಮಗುವಿನ ಮುಖ ತೆಗೆಯುವುದಂತೂ ಆಗದ ಮಾತು. 90 ಸೆಂಟಿಮೀಟರಿಗಿಂತ ಹತ್ತಿರ ಅದು ಬರಗೊಡುವುದಿಲ್ಲ. ಲೆನ್ಸು ಬದಲಿಸುವ ಹಾಗಿಲ್ಲ. ಜೇಬಿನ ಕ್ಯಾಮೆರಾ ಎಂಬ ಬಿರುದು ಇದಕ್ಕೆ ಹೊಂದುವುದಿಲ್ಲ. ಸುಮಾರು ಒಂದು ಕಿಲೋ ತೂಕ. ಜುಬ್ಬಾದ ಜೇಬಿಗೆ ಇಳಿಬಿಟ್ಟರೆ ಜೇಬು ಹರಿದೀತು. ಚಳಿ ದೇಶದವರ ಕೋಟಿನ ಜೇಬು ಬೇರೆ ಮಾತು.

ಇದರ ಅಭಿಮಾನಿಗಳು ಸಾಮಾನ್ಯವಾಗಿ ಎರಡು ಗುಣಗಳನ್ನು ಹೇಳುತ್ತಾರೆ. ಎರಡನ್ನೂ ನಾವು ಹೇಳಿದಂತೆಯೇ ಒಪ್ಪಲಾರೆವು.

ಒಂದನೆಯದು, ಈ ಕ್ಯಾಮೆರಾ ಮನುಷ್ಯನನ್ನು ನಿಧಾನ ಮಾಡುತ್ತದೆ, ನಿಧಾನವಾದವನು ಚೆನ್ನಾಗಿ ನೋಡುತ್ತಾನೆ ಎಂಬುದು. ನಮ್ಮ ಸ್ಟುಡಿಯೋದವರು 12 ಚಿತ್ರದ ರೀಲಿನಲ್ಲಿ ಎಷ್ಟೋ ಮದುವೆಗಳನ್ನು ತೆಗೆದರು. ಅವರು ಧ್ಯಾನಸ್ಥರಾಗಿದ್ದರಿಂದ ನಿಧಾನವಾಗಿರಲಿಲ್ಲ. ರೀಲಿಗೆ ದುಡ್ಡು ಬೀಳುತ್ತದೆ ಎಂಬ ಎಚ್ಚರದಿಂದ ಇದ್ದರು. 'ಅಲ್ಲಾಡಬೇಡಿ' ಎಂದು ಅವರು ಹೇಳುತ್ತಿದ್ದುದರಲ್ಲಿ ಕಲೆಗಿಂತ ಲೆಕ್ಕ ಹೆಚ್ಚಿತ್ತು. ಆ ಲೆಕ್ಕದಿಂದಲೇ ಒಳ್ಳೆಯ ಚಿತ್ರಗಳು ಬಂದವು, ನಿಜ. ಅದೇ ಲೆಕ್ಕದಿಂದ ಇಡೀ ಕುಟುಂಬ ಕಲ್ಲಿನ ಹಾಗೆ ಸೆಟೆದು ನಿಂತ ಚಿತ್ರಗಳೂ ಬಂದವು. ಇಂದು ಬಣ್ಣದ 120 ರೀಲೊಂದಕ್ಕೆ ನಮ್ಮಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಹತ್ತು ಚಿತ್ರವೆಂದರೆ ಒಂದಕ್ಕೆ ನೂರು, ತೊಳೆಸುವ ಖರ್ಚು ಬೇರೆ. ಈ ನಿಧಾನ ಕಿಸೆ ಗಟ್ಟಿ ಇದ್ದವರ ನಿಧಾನ. ಇಲ್ಲದವನಿಗೆ ಅದು ಬರಿಯ ಅಳುಕು.

ಎರಡನೆಯದು ಇನ್ನೂ ಗಂಭೀರವಾದ ಮಾತು. ಈ ಕ್ಯಾಮೆರಾ ಮುಚ್ಚಿಕೊಳ್ಳುತ್ತದೆ. ತೆರೆಯುವುದನ್ನು ಎದುರಿನವರು ಕಾಣುತ್ತಾರೆ. ಹಾಗಾಗಿ ಇದು ಕೇಳಿ ತೆಗೆಯುವ ಕ್ಯಾಮೆರಾ, ಕದ್ದು ತೆಗೆಯುವುದಲ್ಲ ಎನ್ನುತ್ತಾರೆ. ಅಂಗೈಯ ಮೊಬೈಲು ಯಾವಾಗಲೂ ತೆರೆದೇ ಇರುವ ಕಣ್ಣು. ಅದು ಓದುತ್ತಿದೆಯೋ, ನಮ್ಮನ್ನು ಹಿಡಿಯುತ್ತಿದೆಯೋ ತಿಳಿಯುವುದಿಲ್ಲ. ಸಾವಿನ ಮನೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಬೀದಿಯಲ್ಲಿ ಹೋಗುವ ಹೆಣ್ಣುಮಕ್ಕಳ ಮೇಲೆ ಆ ಕಣ್ಣು ಹೇಗೆ ಹರಿಯುತ್ತದೆ ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಅದರ ಎದುರು ಬಾಗಿಲು ತೆಗೆದು, ತಿದಿ ಎಳೆದು, ಕಿಂಡಿಗೆ ಕಣ್ಣಿಟ್ಟು ನಿಲ್ಲುವ ಫೋಟೊಗ್ರಾಫರನಲ್ಲಿ ಒಂದು ಮರ್ಯಾದೆ ಕಾಣುವುದು ಸಹಜ. ನಮಗೂ ಕಂಡಿದೆ.

ಆದರೆ ಚರಿತ್ರೆ ಬೇರೆಯದನ್ನು ಹೇಳುತ್ತದೆ. 1888ರಲ್ಲಿ ಕೊಡಾಕಿನ ಕೈಕ್ಯಾಮೆರಾ ಬಂದಾಗ ಅಮೆರಿಕದ ಪತ್ರಿಕೆಗಳು ಅದನ್ನು ಹಿಡಿದು ಓಡಾಡುವವರನ್ನು ಪೀಡೆಗಳೆಂದು ಬೈದವು. 1890ರಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದರು. ಆ ವಿಷಯದಲ್ಲಿ ಇಂದಿಗೂ ಎಲ್ಲರೂ ಹೆಸರಿಸುವ ಲೇಖನ ಅದು. ಕ್ಷಣದಲ್ಲಿ ಚಿತ್ರ ತೆಗೆಯುವ ಯಂತ್ರಗಳು ಮನೆಯೊಳಗಿನ ಬದುಕಿಗೆ ನುಗ್ಗುತ್ತಿವೆ ಎಂಬುದು ಅದರ ದೂರುಗಳಲ್ಲಿ ಒಂದು. ಅಂಥ ಕೈಕ್ಯಾಮೆರಾವನ್ನು ಇನ್ನೂ ಸಣ್ಣದು ಮಾಡಿ ಕೋಟಿನೊಳಗೆ ಬಚ್ಚಿಡುವಂತೆ ಮಾಡಿದ್ದು ಮಡಚುವ ಕ್ಯಾಮೆರಾವೇ. ಅಂದರೆ ಇವತ್ತು ಸಭ್ಯತೆಯ ಗುರುತಾಗಿ ಕಾಣುವ ಯಂತ್ರದ ಮನೆತನ ತನ್ನ ಕಾಲದಲ್ಲಿ ಮೊಬೈಲಿನಷ್ಟೇ ಶಂಕೆಗೆ ಗುರಿಯಾಗಿತ್ತು. ಜಿಎಫ್ 670ರ ಸದ್ದಿಲ್ಲದ ಶಟರ್ ಕೂಡ ಕದಿಯಲು ಬಯಸುವವನಿಗೆ ಒಳ್ಳೆಯದೇ. ಕೇಳಿ ತೆಗೆಯುವ ಸೌಜನ್ಯ ಬೆಲೋಸ್‌ನ ಮಡಿಕೆಯಲ್ಲಿ ಇಲ್ಲ.

ಹೊಸತೆಂದು ಬಂದುದೆಲ್ಲ ಜಿಎಫ್ 670 ಅಲ್ಲ. 2012ರಲ್ಲಿ ಲೊಮೊಗ್ರಫಿ ಎಂಬ ಆಸ್ಟ್ರಿಯಾ ಮೂಲದ ಕಂಪನಿ ಬೆಲ್ ಏರ್ ಎಂಬ ಮಡಚುವ ಕ್ಯಾಮೆರಾ ಮಾರಿತು. ಅದೂ 120 ರೀಲೇ. ಆರಕ್ಕೆ ಹನ್ನೆರಡರಷ್ಟು ಉದ್ದದ ಚಿತ್ರವನ್ನೂ ತೆಗೆಯಬಲ್ಲದು. ಬೆಲೆ ಬಹಳ ಕಡಿಮೆ. ಜೊತೆಗೆ ಕೊಟ್ಟ ಲೆನ್ಸುಗಳು ಪ್ಲಾಸ್ಟಿಕ್ಕಿನವು, ದೂರ ಮತ್ತೆ ಕಣ್ಣಂದಾಜು. ದೊಡ್ಡ ನೆಗೆಟಿವ್ ಕೊಟ್ಟು ಅದರಲ್ಲಿ ಮಸುಕು ತುಂಬಿಸಿದರೆ ಬಂದ ಲಾಭವೇನು? ಮಸುಕೇ ಸೊಗಸು ಎಂದು ವಾದಿಸುವವರು ಇದ್ದಾರೆ, ವಾದಿಸಲಿ. ನಮಗೆ ಅದು ಮಡಚುವ ಕ್ಯಾಮೆರಾದ ವೇಷ ಹಾಕಿದ ಆಟಿಕೆಯಾಗಿಯೇ ಕಂಡಿದೆ. ಅದಕ್ಕೂ ಗಿರಾಕಿಗಳು ಸಿಕ್ಕರೆಂಬುದು, ಆ ರೂಪಕ್ಕೇ ಎಷ್ಟು ಸೆಳೆತವಿದೆ ಎಂಬುದಕ್ಕೆ ಸಾಕ್ಷಿ.

ಇನ್ನು ಜಿಎಫ್ 670ರ ಮುಂದಿನ ಕಥೆ. 2011ರಲ್ಲಿ ಅದಕ್ಕೊಂದು ಅಗಲ ನೋಟದ ತಮ್ಮ ಬಂದ. ಅವನಿಗೆ ಮಡಚಿಕೊಳ್ಳುವ ವಿದ್ಯೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಇಬ್ಬರ ತಯಾರಿಕೆಯೂ ನಿಂತಿತು. ಹಳೆಯ ಐಸೊಲೆಟ್‌ನ ಹೊಟ್ಟೆಯಲ್ಲಿ ಇರುವುದು ಹಲ್ಲುಚಕ್ರ, ಸ್ಪ್ರಿಂಗು. ಗಡಿಯಾರ ರಿಪೇರಿ ಮಾಡುವ ಕೈಗೆ ತಾಳ್ಮೆ ಇದ್ದರೆ ಅದನ್ನು ಬಿಚ್ಚಿ ಜೋಡಿಸಬಹುದು. ಹೊಸತರ ಶಟರ್ ವಿದ್ಯುನ್ಮಾನದ್ದು. ಬ್ಯಾಟರಿ ಮುಗಿದರೆ ಅದು ಮುಗಿಯಿತು. ಒಳಗಿನ ಸರ್ಕ್ಯೂಟ್ ಕೆಟ್ಟರೆ ಬೇರೆ ಕ್ಯಾಮೆರಾದ ಹೆಣದಿಂದ ಭಾಗ ತೆಗೆಯಬೇಕು. ಎಂಬತ್ತು ವರ್ಷದ ತಪ್ಪುಗಳನ್ನೆಲ್ಲ ತಿದ್ದಿಕೊಂಡು ಬಂದ ಯಂತ್ರ ತನ್ನ ತಾತನಿಗಿಂತ ಮೊದಲೇ ರಿಪೇರಿಗೆ ಸಿಗದ ಸ್ಥಿತಿಗೆ ಬರಬಹುದು. ಕೊಂಡವರು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಕಾಯುವುದಕ್ಕೆ ಇದೂ ಒಂದು ಕಾರಣ. ಇದು ಗಟ್ಟಿ ಕ್ಯಾಮೆರಾಕ್ಕೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ತೆಗೆಯಲು ಮಾಡಿದ್ದನ್ನು ತೆಗೆಯಬೇಕು.

ತೆಗೆಯಬೇಕಾದರೆ ರೀಲು ಬೇಕು. ಕ್ಯಾಮೆರಾದ ವಿಮರ್ಶೆ ಬರೆಯುವವರು ಲೆನ್ಸಿನ ಬಗ್ಗೆ ಪುಟಗಟ್ಟಲೆ ಬರೆದು ಈ ಮಾತನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಪಕ್ಕದ ಊಟಿಯಲ್ಲಿ 1960ರಲ್ಲಿ ಹುಟ್ಟಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ರೀಲು ಮಾಡುತ್ತಿತ್ತು. ಸರ್ಕಾರದ್ದೇ ಕಾರ್ಖಾನೆ, ಈಗ ಇಲ್ಲ. ಇಂಗ್ಲೆಂಡಿನ ಇಲ್‌ಫೋರ್ಡ್ 2004ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಅಲ್ಲಿಯ ಮ್ಯಾನೇಜರುಗಳೇ ಕೂಡಿ ಮಾರನೆಯ ವರ್ಷ ಅದನ್ನು ಕೊಂಡು ಉಳಿಸಿದರು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಆದರೂ ರೋಚೆಸ್ಟರಿನಲ್ಲಿ ಅದರ ರೀಲು ತಯಾರಾಗುತ್ತಲೇ ಇದೆ. ಜಿಎಫ್ 670 ನುಂಗಬಲ್ಲ 220 ಎಂಬ ಇಮ್ಮಡಿ ಉದ್ದದ ರೀಲನ್ನು ದೊಡ್ಡ ಕಂಪನಿಗಳು ಕೈಬಿಟ್ಟವು, ಫ್ಯೂಜಿಯೂ ಬಿಟ್ಟಿತು. ತನ್ನ ಹೆಸರಿನ ಕೊನೆಯ ಕಪ್ಪು ಬಿಳುಪು ರೀಲಾದ ಅಕ್ರಾಸನ್ನು ನಿಲ್ಲಿಸುವುದಾಗಿ ಫ್ಯೂಜಿ 2018ರಲ್ಲಿ ಹೇಳಿತು. ಗಿರಾಕಿಗಳು ಗಲಾಟೆ ಮಾಡಿದ ಮೇಲೆ 2019ರಲ್ಲಿ ಅಕ್ರಾಸ್ II ಎಂದು ಮತ್ತೆ ತಂದಿತು. ಆ ಡಬ್ಬಿಯ ಮೇಲೆ ಹೆಸರು ಫ್ಯೂಜಿಯದು. ತಯಾರಾದ ದೇಶ ಎಂಬಲ್ಲಿ ಬರೆದಿರುವುದು ಮಾತ್ರ ಜಪಾನ್ ಅಲ್ಲ, ಇಂಗ್ಲೆಂಡ್.