ಕೆಂಪು ಸೀಲು ಒತ್ತಿದ ಕೈ ಯಾರದು?

ಒಂದು ಮಳೆಗಾಲದಲ್ಲಿ ನಾವು ನಾಲ್ಕು ದಿನ ಹೆಬ್ಬೆಯಲ್ಲಿದ್ದೆವು. ತಂಗಿಯ ಗಂಡ ಅಲ್ಲಿನ ಒಂದು ಕಾಫಿ ತೋಟದಲ್ಲಿ ರೈಟರು. ಕೆಮ್ಮಣ್ಣುಗುಂಡಿಯಿಂದ ಜೀಪಿನಲ್ಲಿ ಬಂದು ಹೋಗುವವರಿಗೆ ಹೆಬ್ಬೆಯೆಂದರೆ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಬೀಳುವ ನೀರು. ಅಲ್ಲೇ ಬದುಕುವವರಿಗೆ ಜಿಗಣೆ, ಹೋದ ಕರೆಂಟು, ಸಿಗದ ನೆಟ್‌ವರ್ಕ್. ಮಗ್ರಿಬ್ ನಮಾಝ್ ಮುಗಿಸಿ ಒಳಗೆ ಬಂದಾಗ ಪಿಯುಸಿ ಓದುವ ತಂಗಿಯ ಮಗ ಮೊಬೈಲಿನಲ್ಲಿ ಮುಖವಿಟ್ಟು ಕೂತಿದ್ದ. ನಮ್ಮನ್ನು ನೋಡಿ ಮೊಬೈಲು ಕೈಗಿತ್ತ.

"ಮಾಮು, ಸ್ವಲ್ಪ ಹಿಡ್ಕೊಳ್ಳಿ, ಚಹಾ ತರ್ತೀನಿ. ಕಾಗದ ಸರಿ ಇದ್ರೆ ಹಸಿರು ಸೀಲು, ಇಲ್ಲಾಂದ್ರೆ ಕೆಂಪು. ಅಷ್ಟೇ."

ನಾವು ಹಿಡಿದುಕೊಂಡೆವು. ಅದೊಂದು ಗಡಿ ಠಾಣೆ. ಎದುರಿಗೆ ಉದ್ದನೆಯ ಸಾಲು. ಒಬ್ಬ ಗಂಡಸು ಬಂದ, ಅವನ ಕಾಗದವೆಲ್ಲ ಸರಿಯಿತ್ತು. ಹೋಗುವಾಗ, ಹಿಂದೆ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ದಯೆ ತೋರಿಸಿ ಎಂದ. ಹೆಂಡತಿ ಬಂದಳು. ಅವಳ ಬಳಿ ಪ್ರವೇಶ ಪತ್ರ ಇರಲಿಲ್ಲ. ನಾವು ಕೆಂಪು ಸೀಲು ಒತ್ತಿದೆವು.

ಚಹಾ ತಂದ ಹುಡುಗ ಕೇಳಿದ: "ಹೆಂಗಸನ್ನು ವಾಪಸ್ ಕಳಿಸಿಬಿಟ್ರಾ?"

"ಕಾಗದ ಇರಲಿಲ್ಲವಲ್ಲ."

"ದಿನದ ಮೊದಲ ಎರಡು ತಪ್ಪಿಗೆ ದಂಡ ಇರಲ್ಲ ಮಾಮು. ಬಿಡಬಹುದಿತ್ತು."

ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇಪ್ಪತ್ತು ವರ್ಷಗಳಿಂದ ಕಥೆ ಬರೆಯುತ್ತಿದ್ದೇವೆ. ಕಚೇರಿಯ ಕಿಟಕಿಯಾಚೆ ಕೂತು ಬಡವರನ್ನು ಅಲೆಸುವ ಗುಮಾಸ್ತರನ್ನು ನಮ್ಮ ಕಥೆಗಳಲ್ಲಿ ಎಷ್ಟು ಸಲ ಬೈದಿದ್ದೇವೋ ಲೆಕ್ಕವಿಲ್ಲ. ಆ ಕುರ್ಚಿಯಲ್ಲಿ ನಮ್ಮನ್ನೇ ಕೂರಿಸಿದಾಗ ನಾವು ಮಾಡಿದ್ದೂ ಅದನ್ನೇ.

ಆ ಆಟದ ಹೆಸರು 'ಪೇಪರ್ಸ್, ಪ್ಲೀಸ್'. ಲೂಕಸ್ ಪೋಪ್ ಎಂಬ ಅಮೆರಿಕನ್ 2013ರಲ್ಲಿ ಹೊರತಂದ ಆಟ. ಮೊಬೈಲಿಗೆ ಬಂದದ್ದು 2022ರಲ್ಲಿ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ, ಹೆಬ್ಬೆಯಲ್ಲೂ ನಡೆಯುತ್ತದೆ. ಕಥೆ ನಡೆಯುವುದು 1982ರಲ್ಲಿ, ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದಲ್ಲಿ. ಆಡುವವನು ಲಾಟರಿಯಲ್ಲಿ ಕೆಲಸ ಗಿಟ್ಟಿಸಿದ ಗಡಿ ಅಧಿಕಾರಿ. ಎಷ್ಟು ಜನರ ಕಾಗದ ಸರಿಯಾಗಿ ನೋಡಿದನೋ ಅಷ್ಟು ಕೂಲಿ. ಸಂಜೆ ಆ ಕೂಲಿಯಲ್ಲಿ ಮನೆಯವರ ಊಟ, ಚಳಿಗೆ ಬೆಂಕಿ, ಔಷಧ ಎಲ್ಲ ಆಗಬೇಕು. ಕರುಣೆ ತೋರಿಸುತ್ತಾ ಹೋದರೆ ಮಗನ ಔಷಧಕ್ಕೆ ಕೊರತೆ ಬೀಳುತ್ತದೆ. ಆಟಕ್ಕೆ ಇಪ್ಪತ್ತು ಬಗೆಯ ಅಂತ್ಯಗಳಿವೆ.

ಇದು ಕಲೆಯೇ? ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ, ವಿಡಿಯೋ ಗೇಮ್ ಎಂದೂ ಕಲೆಯಾಗಲಾರದು ಎಂದು ಬರೆದರು. ಆಟವನ್ನು ಗೆಲ್ಲಬಹುದು, ಕಲೆಯನ್ನು ಗೆಲ್ಲಲಾಗದು ಎಂಬುದು ಅವರ ವಾದದ ಒಂದು ಎಳೆ. ಕೆಲವು ತಿಂಗಳ ನಂತರ, ಆಡಿ ನೋಡದೆ ಹಾಗೆ ಹೇಳಬಾರದಿತ್ತು ಎಂದು ಅವರೇ ಒಪ್ಪಿಕೊಂಡರು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 14 ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಸೇರಿಸಿದ್ದು ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ.

ಈ ಗೊಂದಲ ನಮ್ಮ ನಾಡಿಗೂ ಹೊಸದಲ್ಲ. ಗಂಜೀಫಾ ಎಲೆಗಳನ್ನು ನೋಡಿ. ಬಾಬರ್ ತನ್ನ ಆತ್ಮಕಥೆಯಲ್ಲಿ ಗಂಜೀಫಾವನ್ನು ಹೆಸರಿಸುತ್ತಾನೆ. ಅದೇ ಆಟ ಮೈಸೂರಿಗೆ ಬಂದು ದಶಾವತಾರದ ಬಣ್ಣ ತೊಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾಗಳನ್ನು ರೂಪಿಸಿದರು, ಕೆಲವದರಲ್ಲಿ ಎಲೆಗಳ ಸಂಖ್ಯೆ ಮುನ್ನೂರನ್ನೂ ದಾಟುತ್ತದೆ. ಇಂದು ಆ ಎಲೆಗಳಿಗೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಚಿತ್ರ ಕಲೆಯಾಯಿತು. ಆದರೆ ಆಡುವವರೇ ಇಲ್ಲದಾದರು. ವಿಡಿಯೋ ಗೇಮ್‌ನ ಬಗ್ಗೆ ಮಾತಾಡುವವರೂ ಇದೇ ತಪ್ಪು ಮಾಡುತ್ತಾರೆ. ಚಿತ್ರ ಎಷ್ಟು ಚೆಂದ, ಸಂಗೀತ ಎಷ್ಟು ಇಂಪು ಎನ್ನುತ್ತಾರೆ. ಪೋಪ್ ಅವರ ಆಟದ ಚಿತ್ರಗಳೋ ಒರಟು, ಬಣ್ಣಗಳು ಮಂಕು. ಅದರ ಕಲೆಯಿರುವುದು ನಿಯಮದಲ್ಲಿ. ಇಷ್ಟು ಕೂಲಿ, ಇಷ್ಟು ದಂಡ, ಇಷ್ಟು ಹಸಿವು ಎಂದು ಹಾಕಿದ ಲೆಕ್ಕದಲ್ಲಿ. ಆ ಲೆಕ್ಕ ನಮ್ಮ ಬೆರಳನ್ನು ಕೆಂಪು ಸೀಲಿನ ಕಡೆ ತಳ್ಳುತ್ತದೆ.

ಹಾಗಾದರೆ ಆಟವೊಂದು ಕಾದಂಬರಿಯಾದಾಗ ಈ ಬೆರಳಿಗೆ ಏನಾಗುತ್ತದೆ?

ಸ್ಲೊವೇನಿಯಾದ ವ್ಲಾದಿಮಿರ್ ಬಾರ್ತೊಲ್ 1938ರಲ್ಲಿ 'ಅಲಮೂತ್' ಎಂಬ ಕಾದಂಬರಿ ಬರೆದರು. ಹಸನ್ ಬಿನ್ ಸಬ್ಬಾಹ್ ಮತ್ತು ಅವನ ಕೋಟೆಯ ಕಥೆ. ಅದರಿಂದ ಪ್ರೇರಣೆ ಪಡೆದು 2007ರಲ್ಲಿ 'ಅಸಾಸಿನ್ಸ್ ಕ್ರೀಡ್' ಎಂಬ ಆಟ ಬಂತು. 2009ರಿಂದ ಆ ಆಟದ ಸರಣಿಯಿಂದಲೇ ಆಲಿವರ್ ಬೌಡೆನ್ ಎಂಬ ಹೆಸರಿನಲ್ಲಿ ಕಾದಂಬರಿಗಳು ಬಂದವು. ಆಟದಲ್ಲಿ ಡಮಾಸ್ಕಸ್ಸಿನ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುವಾಗ ಆಡುವವನ ಉಸಿರು ಬಿಗಿಯಾಗುತ್ತದೆ. ಕಾದಂಬರಿಯಲ್ಲಿ ಅವನು ಹಾರಿದ, ಹತ್ತಿದ, ಇರಿದ ಎಂಬ ವಾಕ್ಯಗಳು ಸಾಲುಗಟ್ಟುತ್ತವೆ. ಕಥೆ ದಾಟಿ ಬಂತು, ಕೈ ಆಚೆಯೇ ಉಳಿಯಿತು. ಇಂಥ ಪುಸ್ತಕಗಳು ಆಟದ ಜೊತೆ ಮಾರಾಟವಾಗುವ ಸರಕಾಗಿ ಬಿಡುವುದು ಇದರಿಂದಲೇ.

ಬೇರೆ ದಾರಿಯೂ ಇದೆ. ಜಪಾನಿನ 'ಈಕೊ' 2001ರ ಆಟ. ಕೊಂಬಿರುವ ಕಾರಣಕ್ಕೆ ಊರವರು ಕೋಟೆಯಲ್ಲಿ ಬಿಟ್ಟುಹೋದ ಹುಡುಗ, ಅಲ್ಲಿ ಸಿಗುವ ಯೋರ್ದಾ ಎಂಬ ಹುಡುಗಿ. ಅವಳ ಭಾಷೆ ಇವನಿಗೆ ಅರ್ಥವಾಗುವುದಿಲ್ಲ. ಅವಳ ಕೈ ಹಿಡಿದು ನಡೆಸಬೇಕಾದರೆ ಆಡುವವನು ಒಂದು ಗುಂಡಿಯನ್ನು ಒತ್ತಿ ಹಿಡಿದಿರಬೇಕು. ಬೆರಳು ಸಡಿಲಿಸಿದರೆ ಕೈ ಬಿಟ್ಟುಹೋಗುತ್ತದೆ. ಇದನ್ನು 2004ರಲ್ಲಿ ಕಾದಂಬರಿಯಾಗಿಸಿದ ಮಿಯುಕಿ ಮಿಯಾಬೆ ಜಪಾನಿನ ಜನಪ್ರಿಯ ಲೇಖಕಿ. ಓದುಗನ ಬೆರಳಿಗೆ ಗುಂಡಿ ಕೊಡಲಾಗದು ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಆಟದಲ್ಲಿ ಮೌನಿಯಂತಿದ್ದ ಯೋರ್ದಾಳ ಒಳಗೆ ಹೋದರು. ಅವಳ ಹಿಂದಿನ ಬದುಕು, ತಾಯಿಯೊಡನೆ ಅವಳ ಸಂಬಂಧ, ಎಲ್ಲವನ್ನೂ ಬರೆದರು. ಆಟದ ಮೌನವನ್ನು ಮೆಚ್ಚಿದವರಿಗೆ ಈ ಮಾತು ಹೆಚ್ಚೆನಿಸಬಹುದು. ನಮಗೆ ಮುಖ್ಯವೆನಿಸಿದ್ದು ಇದು: ಆಟದಲ್ಲಿ ಕೈ ಹಿಡಿದವನು ನಾನು, ಕಾದಂಬರಿಯಲ್ಲಿ ಕೈ ಹಿಡಿಸಿಕೊಂಡವಳ ಕಥೆ ಕೇಳುತ್ತೇನೆ.

ಉರ್ದು ಓದಿ ಬೆಳೆದ ನಮಗೆ ಇಲ್ಲಿ ದಾಸ್ತಾನ್‌ಗಳು ನೆನಪಾಗುತ್ತವೆ. ಅಮೀರ್ ಹಂಝಾರ ದಾಸ್ತಾನ್‌ನಲ್ಲಿ ಅಮರ್ ಅಯ್ಯಾರನ ಝಂಬೀಲ್ ಎಂಬ ಚೀಲವಿದೆ, ಏನು ಹಾಕಿದರೂ ಹಿಡಿಸುವ ಚೀಲ. ತಿಲಿಸ್ಮ್ ಎಂಬ ಮಾಯಾಲೋಕವಿದೆ, ಅದನ್ನು ಒಡೆಯುವ ಗುಟ್ಟು ಬರೆದ ಫಲಕವಿದೆ. ಇಂದಿನ ಹುಡುಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ದಾಸ್ತಾನ್ ಹೇಳುವವನು ಎದುರಿಗೆ ಕೂತವರ ಮುಖ ನೋಡಿ ಕಥೆ ಹಿಗ್ಗಿಸುತ್ತಿದ್ದ, ಕುಗ್ಗಿಸುತ್ತಿದ್ದ. 1883ರಿಂದ ಲಖನೌದ ನವಲ್ ಕಿಶೋರ್ ಪ್ರೆಸ್ 'ತಿಲಿಸ್ಮ್-ಎ-ಹೋಶ್‌ರುಬಾ'ವನ್ನು ಅಚ್ಚು ಹಾಕಿದಾಗ ಕೇಳುಗನ ಆ ಪಾಲು ಕಳೆಯಿತು. ಆದರೆ ಲಖನೌದ ಮಜಲಿಸ್‌ಗೆ ಎಂದೂ ಹೋಗಲಾಗದವರ ಮನೆಗೂ ಪುಸ್ತಕ ತಲುಪಿತು. ರೂಪಾಂತರದಲ್ಲಿ ಕೊಡುವುದೂ ಇದೆ, ಕಳೆಯುವುದೂ ಇದೆ. ಏನನ್ನು ಕಳೆದು ಏನನ್ನು ಪಡೆದೆವು ಎಂಬುದಷ್ಟೇ ವಿಮರ್ಶೆಯ ಕೆಲಸ.

ನಮ್ಮ ಮನೆಗಳಲ್ಲಿ ಹಿರಿಯರು ಮೊಬೈಲಿನ ಆಟವೆಂದರೆ ಸಿಡುಕುತ್ತಾರೆ. ಸಿಡುಕಲು ಕಾರಣವಿದೆ. ದುಡ್ಡು ಕಟ್ಟಿ ಆಡುವ ಆಟಗಳು ಎಷ್ಟೋ ಮನೆಗಳನ್ನು ಮುಳುಗಿಸಿದ ಮೇಲೆಯೇ 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಜೂಜನ್ನೂ 'ಪೇಪರ್ಸ್, ಪ್ಲೀಸ್'ನಂಥ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮತ್ತೆ ಹೆಬ್ಬೆಗೆ ಬರೋಣ. ಮಾರನೆಯ ಬೆಳಿಗ್ಗೆ ಅಸ್ಸಾಮಿನವರು ಮೂವರು ಕೆಲಸ ಕೇಳಿಕೊಂಡು ಬಂದು ಜಗುಲಿಯಲ್ಲಿ ನಿಂತಿದ್ದರು. ಇತ್ತೀಚಿನ ವರ್ಷಗಳಲ್ಲಿ ಚಿಕ್ಕಮಗಳೂರಿನ ತೋಟಗಳಿಗೆ ಅಲ್ಲಿಂದ ಬರುವವರು ಹೆಚ್ಚಾಗಿದ್ದಾರೆ. ತಂಗಿಯ ಗಂಡ ಅವರ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಬ್ಬನ ಹೆಸರು ಆಧಾರ್‌ನಲ್ಲಿ ಒಂದು ಥರ, ಮತದಾರರ ಚೀಟಿಯಲ್ಲಿ ಇನ್ನೊಂದು ಥರ. "ಸಾಹುಕಾರರನ್ನು ಕೇಳಬೇಕು, ನಾಳೆ ಬಾ" ಎಂದರು. ಒಳಗೆ ಬಂದವರೇ ನಮ್ಮ ಮುಖ ನೋಡದೆ, "ನಾಳೆ ಪೊಲೀಸರು ಕೇಳಿದರೆ ನನ್ನ ಕೆಲಸ ಹೋಗುತ್ತದೆ" ಎಂದರು. ನಾವು ಕೇಳಿರಲಿಲ್ಲ.

ನಮ್ಮದೇ ಹೆಸರು ಶಾಲೆಯ ಸರ್ಟಿಫಿಕೇಟಿನಲ್ಲಿ, ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಮೂರು ಥರ ಇದೆ. ಉರ್ದುವಿನ ಹೆಸರು ಕನ್ನಡಕ್ಕೂ ಇಂಗ್ಲಿಷಿಗೂ ಬರುವಾಗ ಒಂದೊಂದು ಅಕ್ಷರ ಉದುರುತ್ತದೆ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನರನ್ನು ಕೈಬಿಟ್ಟಾಗ ನಮ್ಮೂರುಗಳಲ್ಲೂ ಜನ ತಮ್ಮ ತಾತಂದಿರ ಕಾಗದ ಹುಡುಕಿದ್ದು ಇದೇ ಭಯದಿಂದ. ಆ ಭಯವನ್ನು ನಾವು ಬರೆಯಬಲ್ಲೆವು. ರೈಟರ ಭಯವನ್ನು ಒಂದು ಆಟ ಹೇಳಿಕೊಡುವವರೆಗೆ ಬರೆಯಲು ನಮಗೆ ತೋಚಿರಲಿಲ್ಲ.

ಆಟದ ಕೊರತೆಯೂ ಇಲ್ಲೇ ಇದೆ. ಸಾಲಿನಲ್ಲಿ ನಿಂತವರು ಕಿಟಕಿಗೆ ಬಂದು ಒಂದೆರಡು ಮಾತಾಡಿ ಹೋಗುತ್ತಾರೆ. ಆ ಹೆಂಗಸು ವಾಪಸ್ ಹೋಗಿ ಎಲ್ಲಿ ಮಲಗಿದಳು ಎಂದು ಆಟ ಹೇಳುವುದಿಲ್ಲ. ಮಂಟೋ ಅವರ 'ಟೋಬಾ ಟೇಕ್ ಸಿಂಗ್' ಹೇಳುತ್ತದೆ. ವಾಘಾ ಗಡಿಯಲ್ಲಿ ಹೆಸರು ಬರೆದುಕೊಳ್ಳುವ ಅಧಿಕಾರಿ ಅಲ್ಲಿ ನಕ್ಕು ಒಂದು ಉತ್ತರ ಕೊಟ್ಟು ಮರೆಯಾಗುತ್ತಾನೆ. ಎರಡು ದೇಶಗಳ ಬೇಲಿಯ ನಡುವೆ ಬಿದ್ದ ಬಿಷನ್ ಸಿಂಗ್ ಉಳಿಯುತ್ತಾನೆ. ಪೋಪ್ ಅವರ ಆಟ ಆ ಅಧಿಕಾರಿಯ ಕುರ್ಚಿಯಲ್ಲಿ ನಮ್ಮನ್ನು ಕೂರಿಸುತ್ತದೆ. ಇಂಥ ಆಟವನ್ನು ಕಾದಂಬರಿ ಮಾಡಹೊರಟವರು ಕುರ್ಚಿಯಲ್ಲೇ ಕೂತು ಅದೇ ಕಥೆಯನ್ನು ಮತ್ತೆ ಹೇಳಿದರೆ ಪ್ರಯೋಜನವಿಲ್ಲ. ಎದ್ದು ಕಿಟಕಿಯ ಆಚೆಗೆ ಹೋಗಬೇಕು. ಹೋಗುವಾಗ ತನ್ನ ಕೈಗೆ ಹತ್ತಿದ ಕೆಂಪು ಮಸಿಯನ್ನು ಒರೆಸಿಕೊಳ್ಳಬಾರದು.

ನಾವೂ ಒಂದು ಪ್ರಯತ್ನ ಮಾಡಿದೆವು. ಉಳಿದ ಎರಡು ದಿನದಲ್ಲಿ ಆ ಹೆಂಗಸಿನ ಬಗ್ಗೆ ನಾಲ್ಕು ಪುಟ ಬರೆದು ತಂಗಿಯ ಮಗನಿಗೆ ಕೊಟ್ಟೆವು. ಅವನು ಪೂರ್ತಿ ಓದಿದ.

"ಚೆನ್ನಾಗಿದೆ ಮಾಮು. ಆದ್ರೆ ಇದ್ರಲ್ಲಿ ನಾನು ಏನೂ ಮಾಡೋಕಾಗಲ್ಲ ಅಲ್ವಾ?"

ಹೌದು, ಆಗುವುದಿಲ್ಲ. ಜಗುಲಿಯಲ್ಲಿ ನಿಂತವನಿಗೂ ಏನೂ ಮಾಡಲಾಗುವುದಿಲ್ಲ. ಅಷ್ಟನ್ನು ಹುಡುಗನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಅಸ್ಸಾಮಿನವನು ಮತ್ತೆ ಬಂದನೇ ಎಂದು ಅಬ್ಬಾನನ್ನು ಕೇಳಲು ಒಳಗೆ ಹೋದ.