ಖಖ್ಖರ್ ಕಂಡ ರಶ್ದಿ

ವಲಸೆ ಹೋದ ಲೇಖಕರ ಭಾವಚಿತ್ರ ಬರೆಯುವವರು ಸಾಮಾನ್ಯವಾಗಿ ಸುಲಭದ ದಾರಿ ಹಿಡಿಯುತ್ತಾರೆ. ಮೈಮೇಲೆ ಕೋಟು, ಬೆನ್ನ ಹಿಂದೆ ತವರಿನ ಜಮಖಾನವೋ ತೆಂಗಿನ ಮರವೋ ಇದ್ದರೆ ಎರಡು ಸಂಸ್ಕೃತಿಗಳ ಲೆಕ್ಕ ಚುಕ್ತಾ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿರುವ, ಭೂಪೇನ್ ಖಖ್ಖರ್ 1995ರಲ್ಲಿ ಬರೆದ ಸಲ್ಮಾನ್ ರಶ್ದಿಯ ತೈಲಚಿತ್ರ 'ದಿ ಮೂರ್' ಈ ಲೆಕ್ಕಕ್ಕೆ ಸಿಗುವುದಿಲ್ಲ.

ಅದರಲ್ಲಿ ಕಣ್ಣು ನಿಲ್ಲುವುದು ಅಂಗಿಯ ಮೇಲೆ. ಅದು ಒಳಗಿನ ಮೈ ಕಾಣುವಷ್ಟು ತೆಳು. ಮೊಗಲ್ ಕಿರುಚಿತ್ರಗಳ ದೊರೆಗಳು ತೊಟ್ಟ ಮಸ್ಲಿನ್ ಜಾಮಾ ನೆನಪಾಗುತ್ತದೆ. ಆದರೆ ಇಸವಿಯನ್ನು ಮರೆಯಬಾರದು. ಅವರ ಕಾದಂಬರಿಯೊಂದರ ಕಾರಣಕ್ಕೆ 1989ರ ಫೆಬ್ರವರಿ 14ರಂದು ಹೊರಟ ಮರಣದಂಡನೆಯ ಫತ್ವಾದ ನಂತರ ರಶ್ದಿ ಪೊಲೀಸ್ ಕಾವಲಿನಲ್ಲಿ ಬದುಕುತ್ತಿದ್ದರು. ಆ ಪುಸ್ತಕದ ಆಮದನ್ನು ಭಾರತ 1988ರಲ್ಲೇ ನಿಷೇಧಿಸಿತ್ತು. ಇಡೀ ಜಗತ್ತಿನಿಂದ ಮುಚ್ಚಿಡಬೇಕಾಗಿದ್ದ ದೇಹವನ್ನು ಖಖ್ಖರ್ ಹೀಗೆ ತೆರೆದಿಡುತ್ತಾರೆ. ಆ ಧೈರ್ಯದಲ್ಲಿ ಅಪಾರ ಪ್ರೀತಿಯಿದೆ.

ಇಬ್ಬರೂ ಮುಂಬೈಯಲ್ಲಿ ಹುಟ್ಟಿದವರು. ರಶ್ದಿ ಹದಿಹರೆಯದಲ್ಲೇ ಇಂಗ್ಲೆಂಡಿನ ರಗ್ಬಿ ಶಾಲೆಗೆ ಹೋದರು. ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದ ಖಖ್ಖರ್ 1962ರಲ್ಲಿ ಬರೋಡಕ್ಕೆ ಹೋಗಿ, ಕ್ಯಾಲೆಂಡರ್ ದೇವರು, ಅಂಗಡಿ ಬೋರ್ಡು, ಕಿರುಚಿತ್ರಗಳಿಂದ ತಮ್ಮದೇ ಶೈಲಿ ಕಟ್ಟಿಕೊಂಡರು. ಹಾಗಾಗಿ ಇಲ್ಲಿ ದೇಶ ಬಿಟ್ಟವನನ್ನು ನೋಡುತ್ತಿರುವುದು ದೇಶದಲ್ಲೇ ಉಳಿದವನ ಕಣ್ಣು. ತವರು ಹಿನ್ನೆಲೆಯಲ್ಲಿ ತೂಗುಹಾಕಿದ ವಸ್ತುವಾಗದೆ, ಬಣ್ಣ ಹಚ್ಚಿದ ರೀತಿಯಲ್ಲೇ ಬೆರೆತಿದೆ. ಚಿತ್ರದ ಶಕ್ತಿ ಇರುವುದು ಇಲ್ಲೇ.

ಮುಖದ ಸುತ್ತಲಿನ ಆಕೃತಿಗಳು 1995ರಲ್ಲೇ ಬಂದ ರಶ್ದಿಯ 'ದಿ ಮೂರ್ಸ್ ಲಾಸ್ಟ್ ಸೈ' ಕಾದಂಬರಿಯವು. 1492ರಲ್ಲಿ ಗ್ರನಾಡಾ ಕಳೆದುಕೊಂಡು, ಹಿಂದಿರುಗಿ ನೋಡಿ ನಿಟ್ಟುಸಿರಿಟ್ಟನೆಂಬ ಸುಲ್ತಾನ ಬೋಅಬ್ದಿಲ್‌ನ ಐತಿಹ್ಯ ಅದರ ಹಿಂದಿದೆ. ಕಾದಂಬರಿಯಲ್ಲಿ ಚಿತ್ರಕಲಾವಿದೆಯಾದ ತಾಯಿ ಮಗನನ್ನು ಆ ಸುಲ್ತಾನನಾಗಿ ಚಿತ್ರಿಸುತ್ತಾಳೆ. ಖಖ್ಖರ್ ಆ ಪಾತ್ರವನ್ನು ಬರೆದವನಿಗೇ ತೊಡಿಸಿದರು.

ನನ್ನ ತಕರಾರು ಇರುವುದೂ ಇಲ್ಲಿಯೇ. ಲೇಖಕ ತನ್ನ ನಾಯಕನೊಳಗೆ ಕರಗಿದಾಗ ಉಳಿಯುವುದು ಗಡಿಪಾರಾದವನ ವಿಷಾದ ಮಾತ್ರ. ಮುಂಬೈಯ ಬೀದಿಮಾತನ್ನು ಇಂಗ್ಲಿಷಿಗೆ ನುಗ್ಗಿಸಿದ ಜಗಳಗಂಟ, ನಗೆಗಾರ ರಶ್ದಿ ಹಿಂದೆ ಸರಿಯುತ್ತಾರೆ. ಕೇಂಬ್ರಿಜ್‌ನಲ್ಲಿ ಓದಿ ದಶಕಗಟ್ಟಲೆ ಇಂಗ್ಲೆಂಡಿನಲ್ಲಿ ಬಾಳಿದವನಿಗೆ ಆ ನಾಡು ಬರೀ ಪರದೇಶವಾಗಿತ್ತೇ? ಕಾದಂಬರಿ ಓದದವರಿಗಂತೂ ಸುತ್ತಲಿನ ಆಕೃತಿಗಳು ಅರ್ಧ ಮೂಕ.

ಇಷ್ಟಾದರೂ, ಕೋಟು-ಜಮಖಾನಗಳ ಭಾವಚಿತ್ರಗಳಿಗಿಂತ ಇದು ಬಹಳ ಮೇಲಿನದು. ರಶ್ದಿಗೆ ಮತ್ತೆ ಭಾರತಕ್ಕೆ ಬರಲಾದದ್ದು 2000ದಲ್ಲಿ. ಅದಕ್ಕೂ ಐದು ವರ್ಷ ಮೊದಲೇ ಖಖ್ಖರ್ ಅವರನ್ನು ಭಾರತೀಯ ಚಿತ್ರಪರಂಪರೆಯೊಳಗೆ ಬರಮಾಡಿಕೊಂಡಿದ್ದರು.