ಉಳಿದ ಮೊಟ್ಟೆ, ಅಳಿದ ಹಕ್ಕಿ

ಹಕ್ಕಿಗೆ ದ್ವಿಜವೆಂದು ಹೆಸರಿಟ್ಟ ಪ್ರಾಚೀನರು ಅದರ ಜನ್ಮವನ್ನು ಎರಡಾಗಿ ಎಣಿಸಿದರು: ತಾಯಿಯಿಂದ ಮೊಟ್ಟೆ, ಮೊಟ್ಟೆಯಿಂದ ಮರಿ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಮೊಟ್ಟೆಗೆ ಮೊದಲನೆಯ ಜನ್ಮವುಂಟು, ಎರಡನೆಯದಿಲ್ಲ. ಇಂತಹ ವಸ್ತುವನ್ನು ಕುರಿತು ಬರೆಯುವವನು ಯಾರ ಚರಿತ್ರೆಯನ್ನು ಬರೆಯಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಉತ್ತರ ಅಟ್ಲಾಂಟಿಕ್ ಸಾಗರದ ಗ್ರೇಟ್ ಆಕ್ ಎಂಬ ಹಾರಲಾರದ ಕಡಲಹಕ್ಕಿಯು ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತಿದ್ದಿತು. ಮಾಂಸಕ್ಕೂ ತುಪ್ಪುಳಕ್ಕೂ ಎಣ್ಣೆಗೂ ಜನರು ಅದನ್ನು ಕೊಂದು ವಿರಳಗೊಳಿಸಿದರು. ವಿರಳವಾಯಿತೆಂಬ ಕಾರಣದಿಂದಲೇ ಸಂಗ್ರಾಹಕರು ಉಳಿದವಕ್ಕೆ ಬೆಲೆ ಕಟ್ಟಿದರು. 1844ರಲ್ಲಿ ಐಸ್‌ಲೆಂಡಿನ ಎಲ್ಡೇ ದ್ವೀಪದಲ್ಲಿ ಕೊಲ್ಲಲ್ಪಟ್ಟ ಜೋಡಿಯೇ ಕಡೆಯದೆಂದು ಪ್ರಸಿದ್ಧವಾಗಿದೆ. ಈಗ ಲೋಕದಲ್ಲಿ ಉಳಿದಿರುವ ಅದರ ಮೊಟ್ಟೆಗಳು ಸುಮಾರು 75.

ಎರಲ್ ಫುಲ್ಲರ್ ಎಂಬವರು 1999ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಈ ಮೊಟ್ಟೆಗಳು ಒಬ್ಬರಿಂದ ಒಬ್ಬರಿಗೆ ಕೈಬದಲಾದ ವೃತ್ತಾಂತವನ್ನು ಒಂದೊಂದಾಗಿ ನಿರೂಪಿಸುತ್ತದೆ. ಆ ಪರಿಶ್ರಮವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಬಗೆಯ ವಂಶಾವಳಿಯನ್ನು ಓದುತ್ತ ಹೋದಂತೆ ಸಹೃದಯನಿಗೆ ಒಂದು ಖೇದವುಂಟಾಗುತ್ತದೆ. ಅಲ್ಲಿ ನಡೆಯುವುದು ಒಡೆಯರ ಪರಂಪರೆಯೇ ಹೊರತು ಹಕ್ಕಿಯ ಪರಂಪರೆಯಲ್ಲ. ವಿವಿಯನ್ ಹ್ಯೂಯಿಟ್ ಎಂಬೊಬ್ಬನ ವಶದಲ್ಲಿಯೇ 13 ಮೊಟ್ಟೆಗಳಿದ್ದುವೆಂದು ತಿಳಿಯುತ್ತದೆ. ಅವನ್ನು ಯಾವ ಬಂಡೆಯಿಂದ ಎತ್ತಿದರೆಂಬುದು ತಿಳಿಯದು. ಇದು ಗ್ರಂಥಕಾರನ ದೋಷವಲ್ಲ, ಹರಾಜಿನ ಬೆಲೆಯನ್ನು ಬರೆದಿಟ್ಟು ನೆಲೆಯನ್ನು ಬರೆಯದೆ ಬಿಟ್ಟ ಸಂಗ್ರಾಹಕರ ದೋಷ.

ಇದಕ್ಕೆ ಪ್ರತಿಯಾದ ದೃಷ್ಟಾಂತವು ನಮ್ಮ ನಾಡಿನಲ್ಲಿಯೇ ಉಂಟು. ಬೆಂಗಳೂರಿಗೆ ಪೂರ್ವದಲ್ಲಿರುವ ಕೋಲಾರದ ಚಿನ್ನದ ಗಣಿಯಲ್ಲಿ ಪಶುವೈದ್ಯನಾಗಿದ್ದ ಮೀಟನ್ ಎಂಬವನು 1917ರಲ್ಲಿ ಸಂಗ್ರಹಿಸಿದ ಒಂದು ಮೊಟ್ಟೆಯು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯವನ್ನು ಸೇರಿತ್ತು. ಅದರ ಡಿ.ಎನ್.ಎ.ಯನ್ನು ಟ್ರಿಂಗ್ ಸಂಗ್ರಹಾಲಯದ ಹಳೆಯ ಮಾದರಿಯೊಡನೆ ಹೋಲಿಸಿ ನೋಡಲಾಗಿ, ಅದು ಜೆರ್ಡನ್ ಕೋರ್ಸರ್ ಹಕ್ಕಿಯದೆಂದು ಸ್ಥಿರಪಟ್ಟು 2013ರಲ್ಲಿ ಪ್ರಕಟವಾಯಿತು. ತೆಲುಗರು ಕಲಿವಿಕೋಡಿ ಎಂದು ಕರೆಯುವ, ಕುರುಚಲು ಮುಳ್ಳುಕಾಡಿನ ಈ ನಿಶಾಚರ ಪಕ್ಷಿಯು 1900ರ ಬಳಿಕ ಕಾಣದೆ ಅಳಿದುಹೋಯಿತೆಂದೇ ಎಣಿಸಲ್ಪಟ್ಟಿತ್ತು. 1986ರಲ್ಲಿ ಕಡಪ ಜಿಲ್ಲೆಯಲ್ಲಿ ಅದು ಮತ್ತೆ ದೊರೆಯಿತು.

ಮೀಟನ್ ತಂದುದೂ ಗೂಡಿನಿಂದ ಅಪಹರಿಸಿದ ಮೊಟ್ಟೆಯೇ ಸರಿ, ಅದನ್ನು ಪುಣ್ಯಕಾರ್ಯವೆನ್ನಲಾಗದು. ಆದರೂ ಊರು ಮತ್ತು ವರ್ಷವೆಂಬ ಎರಡು ಮಾತು ಉಳಿದುದರಿಂದ ಆ ಚಿಪ್ಪು ಸಾಕ್ಷಿಯಾಯಿತು. ಇಲ್ಲವಾಯಿತೆಂದು ಲೋಕವು ಎಣಿಸಿದ್ದ ಕಾಲದಲ್ಲಿಯೂ ಆ ಹಕ್ಕಿಯು ಕೋಲಾರದ ಬಯಲಿನಲ್ಲಿ ಮರಿಮಾಡುವ ಆಸೆಯಿಂದ ಮೊಟ್ಟೆಯಿಟ್ಟಿತ್ತು. ಬಂಜರೆಂದು ಕರೆದು ಉಳುವುದಕ್ಕೂ ಕಟ್ಟುವುದಕ್ಕೂ ನಾವು ಧಾರಾಳವಾಗಿ ಬಿಟ್ಟುಕೊಟ್ಟ ಮುಳ್ಳುಪೊದೆಗಳು ಅದರ ಸೂತಿಕಾಗೃಹಗಳಾಗಿದ್ದುವು.

ಹಸ್ತಪ್ರತಿಗೆ ಲಿಪಿಕಾರನು ಕಡೆಯಲ್ಲಿ ಬರೆಯುವ ಸ್ಥಳಕಾಲಗಳಂತೆ, ಮೊಟ್ಟೆಗೆ ಅದರ ಚೀಟಿಯೇ ಪ್ರಮಾಣ. ಆ ಚೀಟಿಯಲ್ಲಿ ಒಡೆಯನ ಹೆಸರಿಗಿಂತ ನೆಲದ ಹೆಸರು ದೊಡ್ಡದಾಗಿರಲಿ. ಒಡೆಯನ ಹೆಸರಿನಿಂದ ಹೆಚ್ಚುವುದು ಚಿಪ್ಪಿನ ಬೆಲೆ ಮಾತ್ರ. ನೆಲದ ಹೆಸರು ತಿಳಿದರೆ ಅಲ್ಲಿ ಉಳಿದಿರಬಹುದಾದ ಹಕ್ಕಿಯನ್ನಾದರೂ ಕಾಪಾಡಬಹುದು.